ಕೋಶ ಎರಡಾಗುವ ಆ ಒಂದು ಗಂಟೆ

ಈರುಳ್ಳಿ ಬೇರಿನ ತುದಿಯ ಸ್ಲೈಡನ್ನು ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಪುಸ್ತಕದಲ್ಲಿ ಕೋಶ ಒಡೆದು ಎರಡಾಗುವ ಹಂತಗಳ ನಾಲ್ಕು ಚಿತ್ರಗಳು ಸಾಲಾಗಿ, ಚೆಂದವಾಗಿ ಕೂತಿದ್ದವು. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್. ಸ್ಲೈಡಿನಲ್ಲಿ ಕಂಡದ್ದು ಇಟ್ಟಿಗೆ ಜೋಡಿಸಿದ ಹಾಗೆ ನೂರಾರು ಕೋಶಗಳು. ಬಹುತೇಕ ಎಲ್ಲದರ ನಡುವೆ ಒಂದೇ ಥರದ ದುಂಡನೆಯ ಕೆಂಪು ಚುಕ್ಕೆ. ಎಷ್ಟೋ ಹೊತ್ತು ಸರಿಸಿ ಸರಿಸಿ ಹುಡುಕಿದ ಮೇಲೆ ಒಂದು ಕೋಶದಲ್ಲಿ ಎಳೆಗಳು ಕಂಡವು. ಮೆಟಾಫೇಸ್ ಒಂದೆರಡು ಸಿಕ್ಕವು. ಅನಾಫೇಸ್ ಮಾತ್ರ ಕೈಗೆ ಸಿಗಲೇ ಇಲ್ಲ.

ಆ ಸ್ಲೈಡ್ ಏನು ಹೇಳುತ್ತಿತ್ತು ಅನ್ನೋದು ಅರ್ಥವಾಗಿದ್ದು ಎಷ್ಟೋ ದಿನ ಕಳೆದ ಮೇಲೆ. ಸ್ಲೈಡಿನಲ್ಲಿರುವ ಪ್ರತಿ ಕೋಶವೂ ರಾಸಾಯನಿಕ ಬಿದ್ದ ಆ ಕ್ಷಣದಲ್ಲಿ ಹೇಗಿತ್ತೋ ಹಾಗೇ ನಿಂತುಬಿಟ್ಟಿದೆ. ಹಾಗಾಗಿ ಯಾವ ಹಂತ ಜಾಸ್ತಿ ಹೊತ್ತು ನಡೆಯುತ್ತದೋ ಆ ಹಂತದ ಕೋಶಗಳು ಜಾಸ್ತಿ ಕಾಣುತ್ತವೆ. ಬೇಗ ಮುಗಿಯುವ ಹಂತದವು ಅಪರೂಪ. ಅಂದರೆ ಅನಾಫೇಸ್ ಸಿಗಲಿಲ್ಲ ಅಂದರೆ ಅದು ಅಷ್ಟು ಬೇಗ ಆಗಿಹೋಗುತ್ತದೆ ಎಂದರ್ಥ. ಪುಸ್ತಕದ ಚಿತ್ರಗಳಲ್ಲಿ ಇದು ಗೊತ್ತಾಗುವುದೇ ಇಲ್ಲ. ಅಲ್ಲಿ ನಾಲ್ಕಕ್ಕೂ ಸರಿಸಮನಾದ ಚೌಕ.

ಆದ್ದರಿಂದ ಹೆಸರುಗಳನ್ನು ಸ್ವಲ್ಪ ಬದಿಗಿಡೋಣ. ಕೋಶದ ಮುಂದೆ ಇರುವ ಕೆಲಸ ಎಷ್ಟು ಕಷ್ಟದ್ದು ಅನ್ನೋದನ್ನು ಮೊದಲು ನೋಡೋಣ. ಅದು ಗೊತ್ತಾದರೆ ಯಾವ ಹಂತ ಏಕೆ ಬೇಕು, ಯಾವುದರ ಹಿಂದೆ ಯಾವುದು ಬರುತ್ತದೆ ಅನ್ನೋದು ಬಾಯಿಪಾಠ ಮಾಡದೆಯೇ ನೆನಪಿರುತ್ತದೆ.

ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು 2 ಮೀಟರ್ ಉದ್ದ. ಅದು ತುಂಬಿಕೊಂಡಿರುವ ಕೋಶಕೇಂದ್ರದ ಅಡ್ಡಳತೆ ಸುಮಾರು 6 ಮೈಕ್ರೋಮೀಟರ್. ಈ ಸಂಖ್ಯೆಗಳು ಸುಮ್ನೆ ಓದಿದರೆ ಮನಸ್ಸಿಗೆ ಇಳಿಯುವುದಿಲ್ಲ. ಎಲ್ಲವನ್ನೂ 40,000 ಪಟ್ಟು ದೊಡ್ಡದು ಮಾಡಿ ನೋಡಿ. ಕೋಶಕೇಂದ್ರ ಕಾಲ್ಚೆಂಡಿಗಿಂತ ತುಸು ದೊಡ್ಡದಾಗುತ್ತದೆ. ಅದರೊಳಗಿನ ಎಳೆ 80 ಕಿಲೋಮೀಟರ್ ಉದ್ದವಾಗುತ್ತದೆ. ಎಳೆಯ ದಪ್ಪ ಆಗಲೂ ತಲೆಗೂದಲಷ್ಟೇ. ಈ 80 ಕಿಲೋಮೀಟರ್ ಒಂದೇ ಎಳೆಯೂ ಅಲ್ಲ, 46 ತುಂಡು. ಕೋಶ ಒಡೆಯುವ ಮೊದಲು ಪ್ರತಿ ತುಂಡಿಗೂ ಒಂದು ನಕಲು ತಯಾರಾಗಬೇಕು. ಆಗ 92 ತುಂಡು, 160 ಕಿಲೋಮೀಟರ್, ಅದೇ ಚೆಂಡಿನೊಳಗೆ.

ಈಗ ಇದನ್ನು ಎರಡು ಪಾಲು ಮಾಡಬೇಕು. ಯಾವುದಾದರೂ 46 ಈ ಕಡೆ, ಉಳಿದ 46 ಆ ಕಡೆ ಅಂದರೆ ಆಗುವುದಿಲ್ಲ. ಪ್ರತಿ ತುಂಡಿನ ಒಂದು ಪ್ರತಿ ಈ ಕಡೆ, ಅದರದ್ದೇ ನಕಲು ಆ ಕಡೆ ಹೋಗಬೇಕು. ಒಂದೂ ಹೆಚ್ಚಾಗಬಾರದು, ಕಡಿಮೆಯಾಗಬಾರದು, ನಡುವೆ ತುಂಡಾಗಬಾರದು. ಕೋಶಕ್ಕೆ ಕಣ್ಣಿಲ್ಲ, ಲೆಕ್ಕ ಬರುವುದಿಲ್ಲ. ಇರುವುದು ಒಂದಕ್ಕೊಂದು ಅಂಟುವ, ಎಳೆಯುವ, ಕತ್ತರಿಸುವ ಪ್ರೋಟೀನುಗಳು ಮಾತ್ರ. ನಮ್ಮ ಮೈಯಲ್ಲಿ ಕೆಂಪು ರಕ್ತಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸದಾಗಿ ಹುಟ್ಟುತ್ತವೆ. ಅವುಗಳಿಗೆ ಜನ್ಮ ಕೊಡುವ ಮೂಲ ಕೋಶಗಳು ಈ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತಲೇ ಇರಬೇಕು.

ಈ ಎಳೆಗಳ ಓಡಾಟವನ್ನು ಹಂತ ಹಂತವಾಗಿ ಗುರುತಿಸಿದವರಲ್ಲಿ ಮುಖ್ಯರಾದವರು ಜರ್ಮನಿಯ ವಾಲ್ಟರ್ ಫ್ಲೆಮಿಂಗ್. ಸಾಲಮ್ಯಾಂಡರ್ ಮರಿಗಳ ಕೋಶಗಳನ್ನು ಅವರು ಆರಿಸಿಕೊಂಡರು, ಏಕೆಂದರೆ ಆ ಪ್ರಾಣಿಯ ಕೋಶಗಳೂ ದೊಡ್ಡವು, ವರ್ಣತಂತುಗಳೂ ದೊಡ್ಡವು. ಹೊಸದಾಗಿ ಬಂದಿದ್ದ ಅನಿಲೀನ್ ಬಣ್ಣಗಳನ್ನು ಹಾಕಿದಾಗ ಕೋಶಕೇಂದ್ರದೊಳಗಿನ ಒಂದು ವಸ್ತು ಮಾತ್ರ ಗಾಢವಾಗಿ ಬಣ್ಣ ಹೀರಿಕೊಂಡಿತು. ಸತ್ತ ಕೋಶಗಳಲ್ಲಿ ಕಂಡ ಬಿಡಿ ಬಿಡಿ ಚಿತ್ರಗಳನ್ನು ಅವರು ಬದುಕಿರುವ ಕೋಶಗಳಲ್ಲಿ ಕಂಡದ್ದರ ಜೊತೆ ಹೋಲಿಸಿ ಒಂದು ಸರಣಿಗೆ ತಂದರು. 1882ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದಕ್ಕೆ ಮೈಟಾಸಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಮೈಟೋಸ್ ಅಂದರೆ ನೂಲು. ಆರು ವರ್ಷದ ನಂತರ ಇನ್ನೊಬ್ಬ ಜರ್ಮನ್ ವಿಜ್ಞಾನಿ ವಾಲ್ಡಯರ್ ಆ ಎಳೆಗಳಿಗೆ ಕ್ರೋಮೋಸೋಮ್ ಎಂಬ ಹೆಸರು ಕೊಟ್ಟರು. ಅದರ ಅರ್ಥ ಬಣ್ಣದ ಕಾಯ. ಕನ್ನಡದಲ್ಲಿ ನಾವು ವರ್ಣತಂತು ಅನ್ನುತ್ತೇವಲ್ಲ, ಅದರಲ್ಲಿ ಬಣ್ಣವೂ ಇದೆ, ನೂಲೂ ಇದೆ. ಎರಡೂ ಹೆಸರಿನ ಕಥೆ ಒಂದೇ ಪದದಲ್ಲಿ ಸೇರಿಕೊಂಡಿರುವುದು ನನಗೆ ತುಂಬ ಇಷ್ಟ.

ಒಡೆಯುವ ಮೊದಲಿನ ತಯಾರಿ

ಸ್ಲೈಡಿನಲ್ಲಿ ಕಂಡ ಆ ದುಂಡನೆಯ ಕೆಂಪು ಚುಕ್ಕೆಯ ಕೋಶಗಳು ಇಂಟರ್‌ಫೇಸ್‌ನಲ್ಲಿರುತ್ತವೆ. ಹಿಂದೆ ಇದನ್ನು ವಿಶ್ರಾಂತಿಯ ಹೊತ್ತು ಅಂತಲೇ ಕರೆಯುತ್ತಿದ್ದರು. 1953ರಲ್ಲಿ ಹೋವರ್ಡ್ ಮತ್ತು ಪೆಲ್ಕ್ ಎಂಬಿಬ್ಬರು ಬೀನ್ಸ್ ಜಾತಿಯ ಗಿಡದ ಬೇರಿಗೆ ವಿಕಿರಣ ಸೂಸುವ ರಂಜಕ ಕೊಟ್ಟು, ಹೊಸ ಡಿಎನ್‌ಎ ಯಾವಾಗ ತಯಾರಾಗುತ್ತದೆ ಎಂದು ಹುಡುಕಿದರು. ಅದು ತಯಾರಾಗುವುದು ಆ 'ವಿಶ್ರಾಂತಿ'ಯ ನಡುವಿನ ಒಂದು ನಿರ್ದಿಷ್ಟ ಅವಧಿಯಲ್ಲಿ ಎಂದು ಗೊತ್ತಾಯಿತು. ಆ ಅವಧಿಗೆ ಎಸ್ ಎಂದು ಹೆಸರು. ಅದರ ಹಿಂದಿನದು ಜಿ1, ಮುಂದಿನದು ಜಿ2.

ಲ್ಯಾಬಿನಲ್ಲಿ ಬೆಳೆಸುವ ಮನುಷ್ಯನ ಕೋಶ 24 ಗಂಟೆಗೆ ಒಮ್ಮೆ ಎರಡಾಗುತ್ತದೆ ಅನ್ನಿ. ಅದರಲ್ಲಿ ಜಿ1 ಸುಮಾರು 11 ಗಂಟೆ, ಎಸ್ 8 ಗಂಟೆ, ಜಿ2 4 ಗಂಟೆ. ಮೈಟಾಸಿಸ್‌ಗೆ ಉಳಿಯುವುದು ಒಂದೇ ಗಂಟೆ.

ಎಸ್ ಅವಧಿಯಲ್ಲಿ ನಕಲು ತೆಗೆಯುವಾಗಲೇ ಕೋಶ ಒಂದು ಜಾಣ ಕೆಲಸ ಮಾಡುತ್ತದೆ. ಮೂಲ ಎಳೆಯನ್ನೂ ನಕಲು ಎಳೆಯನ್ನೂ ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳಿಂದ ಕಟ್ಟಿಬಿಡುತ್ತದೆ. ನಕಲು ಮಾಡಿ ಸುಮ್ಮನೆ ಬಿಟ್ಟಿದ್ದರೆ, ಆ 160 ಕಿಲೋಮೀಟರ್ ಗೋಜಲಿನಲ್ಲಿ ಯಾವುದು ಯಾವುದರ ಜೋಡಿ ಎಂದು ಆಮೇಲೆ ಹುಡುಕುವವರು ಯಾರು? ಹುಟ್ಟುವಾಗಲೇ ಕಟ್ಟಿದ್ದರಿಂದ ಆ ಪ್ರಶ್ನೆ ಬರುವುದೇ ಇಲ್ಲ. ಇಡೀ ಮೈಟಾಸಿಸ್ ನಿಂತಿರುವುದು ಈ ಗಂಟಿನ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗೆ ಕಟ್ಟಿಕೊಂಡಿರುವ ಅವಳಿ ಎಳೆಗಳಲ್ಲಿ ಒಂದೊಂದಕ್ಕೂ ಕ್ರೊಮ್ಯಾಟಿಡ್ ಎಂದು ಹೆಸರು. ಕಟ್ಟು ಬಿಚ್ಚುವವರೆಗೆ ಎರಡೂ ಸೇರಿ ಒಂದೇ ವರ್ಣತಂತು ಎಂದು ಲೆಕ್ಕ. ತರಗತಿಯಲ್ಲಿ ತುಂಬ ಜನ ಎಡವುವ ಜಾಗ ಇದು. ನಕಲಾದ ಮೇಲೂ 46 ಎಂದೇ ಹೇಳುತ್ತೇವೆ, ಡಿಎನ್‌ಎ ಮಾತ್ರ ಎರಡರಷ್ಟಾಗಿರುತ್ತದೆ.

ಎಳೆಯನ್ನು ಸುತ್ತುವುದು, ಗೋಡೆ ಒಡೆಯುವುದು

ಅಷ್ಟುದ್ದದ ಸಡಿಲ ಎಳೆಯನ್ನು ಹಾಗೇ ಎಳೆದರೆ ಸಿಕ್ಕಾಗಿ ಹರಿದುಹೋಗುತ್ತದೆ. ಆದ್ದರಿಂದ ಮೊದಲ ಕೆಲಸ ಸುತ್ತಿ ಗಿಡ್ಡ ಮಾಡುವುದು. ಇದೇ ಪ್ರೊಫೇಸ್. ಕಾಂಡೆನ್ಸಿನ್ ಎಂಬ ಪ್ರೋಟೀನುಗಳು ಎಳೆಯನ್ನು ಕುಣಿಕೆ ಕುಣಿಕೆಯಾಗಿ ಮಡಚುತ್ತವೆ. ನಮ್ಮ ಅತಿ ದೊಡ್ಡ ವರ್ಣತಂತುವಿನ ಡಿಎನ್‌ಎ ಬಿಡಿಸಿದರೆ ಸುಮಾರು 8.5 ಸೆಂಟಿಮೀಟರ್. ಸುತ್ತಿ ಮುಗಿದಾಗ ಅದು 10 ಮೈಕ್ರೋಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ಸುಮಾರು ಹತ್ತು ಸಾವಿರ ಪಟ್ಟು ಗಿಡ್ಡ. ಸುತ್ತಿಕೊಂಡದ್ದರಿಂದಲೇ ಅವು ದಪ್ಪಗಾಗಿ ಸಾಮಾನ್ಯ ಮೈಕ್ರೋಸ್ಕೋಪಿನಲ್ಲೂ ಕಾಣುತ್ತವೆ. ಇಂಟರ್‌ಫೇಸ್‌ನಲ್ಲಿ ವರ್ಣತಂತು ಇರಲಿಲ್ಲ ಅಂತಲ್ಲ. ಇತ್ತು, ಹರಡಿಕೊಂಡಿತ್ತು, ಕಾಣುತ್ತಿರಲಿಲ್ಲ.

ಹೀಗೆ ಸುತ್ತಿದ್ದಕ್ಕೆ ಬೆಲೆಯೂ ಇದೆ. ಬಿಗಿಯಾಗಿ ಮಡಚಿದ ಡಿಎನ್‌ಎಯನ್ನು ಓದುವುದು ಕಷ್ಟ. ಜೀನುಗಳ ಕೆಲಸ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಆ ಒಂದು ಗಂಟೆ ಕೋಶ ಮಿಕ್ಕ ಕೆಲಸಗಳನ್ನೆಲ್ಲ ಕಟ್ಟಿಟ್ಟು ಇದೊಂದನ್ನೇ ಮಾಡುತ್ತದೆ.

ಅತ್ತ ಕೋಶಕೇಂದ್ರದ ಹೊರಗೆ ಇನ್ನೊಂದು ತಯಾರಿ ನಡೆದಿರುತ್ತದೆ. ಸೆಂಟ್ರೋಸೋಮ್ ಎಂಬ ಎರಡು ಪುಟ್ಟ ಕೇಂದ್ರಗಳು ಒಂದರಿಂದ ಒಂದು ದೂರ ಸರಿದು ಕೋಶದ ಎರಡು ದಿಕ್ಕಿಗೆ ಹೋಗುತ್ತವೆ. ಎರಡರಿಂದಲೂ ಸೂಕ್ಷ್ಮನಾಳ ಎಂಬ ಕೊಳವೆಯಂಥ ಎಳೆಗಳು ಹೊರಡುತ್ತವೆ. ದಪ್ಪ ಕೇವಲ 25 ನ್ಯಾನೋಮೀಟರ್. ಇವೆಲ್ಲ ಸೇರಿ ನಡುವೆ ಉಬ್ಬಿ, ಎರಡೂ ತುದಿಯಲ್ಲಿ ಚೂಪಾದ ಒಂದು ಆಕಾರವಾಗುತ್ತದೆ. ನೂಲು ತೆಗೆಯುವ ಕದಿರಿನ ಹಾಗೆ ಕಾಣುವುದರಿಂದ ಅದಕ್ಕೆ ಕದಿರು ಎಂದೇ ಹೆಸರು. ಸೆಂಟ್ರೋಸೋಮ್ ಇದ್ದರೇ ಕದಿರು ಆಗಬೇಕು ಅಂತಿಲ್ಲ. ಈರುಳ್ಳಿ ಕೋಶದಲ್ಲಿ ಅದು ಇಲ್ಲ, ಆದರೂ ಒಳ್ಳೆ ಕದಿರೇ ಕಟ್ಟಿಕೊಳ್ಳುತ್ತದೆ.

ಎಳೆಗಳು ಒಳಗೆ, ಕದಿರು ಹೊರಗೆ. ನಡುವೆ ಕೋಶಕೇಂದ್ರದ ಪೊರೆ. ಅದನ್ನು ಒಡೆಯಬೇಕು. ಪೊರೆಗೆ ಒಳಗಿನಿಂದ ಆಸರೆಯಾಗಿರುವ ಪ್ರೋಟೀನುಗಳ ಬಲೆ ಬಿಚ್ಚಿಕೊಳ್ಳುತ್ತದೆ, ಪೊರೆ ಚದುರಿಹೋಗುತ್ತದೆ. ಎಲ್ಲ ಜೀವಿಗಳಲ್ಲೂ ಹೀಗಾಗುವುದಿಲ್ಲ. ಯೀಸ್ಟ್ ತನ್ನ ಪೊರೆಯನ್ನು ಒಡೆಯದೆ, ಅದರೊಳಗೇ ಕದಿರು ಕಟ್ಟಿ ಕೆಲಸ ಮುಗಿಸುತ್ತದೆ. ನಮ್ಮ ಕೋಶಗಳಲ್ಲಿ ಪೊರೆ ಒಡೆದ ನಂತರದ ಗಡಿಬಿಡಿಯ ಹೊತ್ತಿಗೆ ಪ್ರೊಮೆಟಾಫೇಸ್ ಎಂದು ಹೆಸರು. ಶಾಲೆಯ ಪುಸ್ತಕಗಳು ಇದನ್ನು ಎಷ್ಟೋ ಸಲ ಬಿಟ್ಟುಬಿಡುತ್ತವೆ. ಅದು ನನಗೆ ಬೇಸರದ ವಿಷಯ, ಏಕೆಂದರೆ ಎಲ್ಲಕ್ಕಿಂತ ಕುತೂಹಲದ ಕೆಲಸ ಇಲ್ಲೇ ಶುರುವಾಗುವುದು.

ಕತ್ತಲಲ್ಲಿ ಕೈಚಾಚಿದ ಹಾಗೆ

ಪ್ರತಿ ವರ್ಣತಂತುವಿನ ಸೊಂಟದಲ್ಲಿ ಸೆಂಟ್ರೋಮಿಯರ್ ಎಂಬ ಜಾಗವಿದೆ. ಅಲ್ಲಿ ಅವಳಿ ಎಳೆಗಳ ಬೆನ್ನಿಗೆ ಒಂದೊಂದರಂತೆ ಎರಡು ಹಿಡಿಕೆಗಳು ಬೆಳೆಯುತ್ತವೆ. ಒಂದು ಆ ಕಡೆ ಮುಖ ಮಾಡಿರುತ್ತದೆ, ಇನ್ನೊಂದು ಈ ಕಡೆ. ಇವುಗಳ ಹೆಸರು ಕೈನೆಟೊಕೋರ್. ನಾನು ಹಿಡಿಕೆ ಎಂದೇ ಕರೆಯುತ್ತೇನೆ.

ಸೂಕ್ಷ್ಮನಾಳಗಳಿಗೆ ಹಿಡಿಕೆ ಎಲ್ಲಿದೆ ಎಂದು ಗೊತ್ತಿಲ್ಲ. ಅವು ಬೆಳೆಯುತ್ತವೆ, ಏನೂ ಸಿಗದಿದ್ದರೆ ಇದ್ದಕ್ಕಿದ್ದಂತೆ ಕುಸಿದು ಗಿಡ್ಡವಾಗುತ್ತವೆ, ಮತ್ತೆ ಬೇರೆ ದಿಕ್ಕಿಗೆ ಬೆಳೆಯುತ್ತವೆ. 1984ರಲ್ಲಿ ಮಿಚಿಸನ್ ಮತ್ತು ಕರ್ಷ್‌ನರ್ ಈ ಗುಣವನ್ನು ತೋರಿಸಿಕೊಟ್ಟರು. ಕತ್ತಲೆ ಕೋಣೆಯಲ್ಲಿ ಕೈಚಾಚಿ, ಸಿಗದಿದ್ದರೆ ಹಿಂದಕ್ಕೆಳೆದು, ಮತ್ತೆ ಚಾಚಿ ತಡಕಾಡುವ ಹಾಗೆ. ಯಾವುದಾದರೂ ಎಳೆ ಹಿಡಿಕೆಗೆ ತಗುಲಿದರೆ ಅಲ್ಲಿ ನಿಲ್ಲುತ್ತದೆ. ಮನುಷ್ಯನ ಒಂದೊಂದು ಹಿಡಿಕೆಗೆ ಕೊನೆಗೆ ಸುಮಾರು 20 ಸೂಕ್ಷ್ಮನಾಳಗಳು ಅಂಟಿಕೊಂಡಿರುತ್ತವೆ.

ಹೀಗೆ ತಡಕಾಡಿ ಹಿಡಿದಾಗ ತಪ್ಪುಗಳು ಆಗೇ ಆಗುತ್ತವೆ. ಅವಳಿಯ ಎರಡೂ ಹಿಡಿಕೆಗೆ ಒಂದೇ ಧ್ರುವದಿಂದ, ಅಂದರೆ ಕದಿರಿನ ಒಂದೇ ತುದಿಯಿಂದ, ಬಂದ ಎಳೆಗಳು ಅಂಟಿಬಿಡಬಹುದು. ಹಾಗೇ ಬಿಟ್ಟರೆ ಎರಡು ಪ್ರತಿಯೂ ಒಂದೇ ಕಡೆ ಹೋಗುತ್ತವೆ. ಕಣ್ಣಿಲ್ಲದ ಕೋಶ ಇದನ್ನು ಹೇಗೆ ಕಂಡುಹಿಡಿಯುತ್ತದೆ?

ಇಲ್ಲಿ ಆ ಹಳೇ ಗಂಟು ಕೆಲಸಕ್ಕೆ ಬರುತ್ತದೆ. ಹಿಡಿಕೆಗಳನ್ನು ಎರಡು ಧ್ರುವಗಳು ಎದುರುಬದುರಾಗಿ ಎಳೆದರೆ, ನಡುವೆ ಗಂಟು ಇರುವುದರಿಂದ ಬಿಗಿತ ಬರುತ್ತದೆ. ಎರಡನ್ನೂ ಒಂದೇ ಕಡೆ ಎಳೆದರೆ ಬಿಗಿತ ಇರುವುದಿಲ್ಲ, ಸಡಿಲವಾಗಿರುತ್ತದೆ. ಹಿಡಿಕೆಗಳ ನಡುವೆ ಅರೋರಾ ಬಿ ಎಂಬ ಕಿಣ್ವ ಕೂತಿರುತ್ತದೆ. ಸಡಿಲವಾಗಿರುವ ಹಿಡಿತವನ್ನು ಅದು ಬಿಡಿಸಿಬಿಡುತ್ತದೆ. ಬಿಗಿತ ಬಂದಾಗ ಹಿಡಿಕೆಗಳು ಹೊರಕ್ಕೆ ಜಗ್ಗಿ ಆ ಕಿಣ್ವದ ಕೈಗೆ ಸಿಗದಷ್ಟು ದೂರವಾಗುತ್ತವೆ, ಹಿಡಿತ ಉಳಿಯುತ್ತದೆ. ತಪ್ಪು ಹಿಡಿತ ಬಿಟ್ಟುಹೋಗುತ್ತದೆ, ಸರಿಯಾದದ್ದು ಗಟ್ಟಿಯಾಗುತ್ತದೆ. ಹಗ್ಗದ ಬಿಗಿತವೇ ಇಲ್ಲಿ ಕಣ್ಣು. ಇದನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಕಾಯುವ ಹಂತ

ಎರಡೂ ಕಡೆಯಿಂದ ಎಳೆತಕ್ಕೆ ಸಿಕ್ಕ ವರ್ಣತಂತುಗಳು ನಿಧಾನವಾಗಿ ಕೋಶದ ನಡುಭಾಗಕ್ಕೆ ಬರುತ್ತವೆ. ಎಲ್ಲವೂ ನಡುವಿನ ಒಂದೇ ಸಮತಲದಲ್ಲಿ ಜೋಡಿಸಿಕೊಳ್ಳುತ್ತವೆ. ಇದು ಮೆಟಾಫೇಸ್. ಚಿತ್ರದಲ್ಲಿ ಇದು ಶಿಸ್ತಿನ ಸಾಲಿನ ಹಾಗೆ ಶಾಂತವಾಗಿ ಕಾಣುತ್ತದೆ. ಬದುಕಿರುವ ಕೋಶದಲ್ಲಿ ನೋಡಿದರೆ ಅವು ಅತ್ತಿತ್ತ ಜಗ್ಗಾಡುತ್ತಲೇ ಇರುತ್ತವೆ.

ಎಲ್ಲವೂ ಒಟ್ಟಿಗೆ ಬಂದು ಸೇರುವುದಿಲ್ಲ. 45 ಸರಿಯಾಗಿ ಸಿಕ್ಕಿಕೊಂಡಿವೆ, ಒಂದು ಇನ್ನೂ ಎಲ್ಲೋ ಧ್ರುವದ ಹತ್ತಿರ ಅಲೆಯುತ್ತಿದೆ ಎಂದುಕೊಳ್ಳಿ. ಆಗ ಇಡೀ ಕೋಶ ಆ ಒಂದಕ್ಕಾಗಿ ಕಾಯುತ್ತದೆ. ಎಳೆ ಸಿಗದ ಹಿಡಿಕೆ ಸುಮ್ಮನಿರುವುದಿಲ್ಲ. ಅದರ ಮೇಲೆ ಕೆಲವು ಪ್ರೋಟೀನುಗಳು ಸೇರಿಕೊಂಡು 'ಇನ್ನೂ ಬೇಡ' ಎಂಬ ರಾಸಾಯನಿಕ ಸಂದೇಶವನ್ನು ಕೋಶದ ತುಂಬ ಹರಡುತ್ತಲೇ ಇರುತ್ತವೆ. ಒಂದೇ ಒಂದು ಹಿಡಿಕೆ ಖಾಲಿಯಿದ್ದರೂ ಅಷ್ಟು ಸಾಕು, ಮುಂದಿನ ಹಂತ ತಡವಾಗುತ್ತದೆ.

ಇದನ್ನು 1995ರಲ್ಲಿ ರೀಡರ್ ಮತ್ತು ಅವರ ಜೊತೆಗಾರರು ಚೆಂದದ ಒಂದು ಪ್ರಯೋಗದಿಂದ ತೋರಿಸಿದರು. ಕಾಯುತ್ತಿರುವ ಕೋಶದಲ್ಲಿ ಕೊನೆಯದಾಗಿ ಉಳಿದಿದ್ದ ಖಾಲಿ ಹಿಡಿಕೆಯನ್ನು ಲೇಸರ್‌ನಿಂದ ಸುಟ್ಟರು. ಆ ವರ್ಣತಂತು ಇನ್ನೂ ನಡುವಿಗೆ ಬಂದಿರಲಿಲ್ಲ. ಆದರೂ ಕೋಶ ಕಾಯುವುದನ್ನು ಬಿಟ್ಟು ಮುಂದಕ್ಕೆ ಹೋಯಿತು. ಅಂದರೆ ಕೋಶ ನೋಡುತ್ತಿದ್ದುದು ಸಾಲು ನೆಟ್ಟಗಿದೆಯೋ ಇಲ್ಲವೋ ಎಂದಲ್ಲ, ಕೂಗುವ ಹಿಡಿಕೆ ಇನ್ನೂ ಇದೆಯೋ ಇಲ್ಲವೋ ಎಂದು.

ಮೆಟಾಫೇಸ್‌ನಲ್ಲಿ ವರ್ಣತಂತುಗಳು ಅತಿ ಗಿಡ್ಡವಾಗಿ, ಬಿಡಿಬಿಡಿಯಾಗಿ ಕಾಣುತ್ತವೆ. ಎಣಿಸಲು ಇದೇ ಒಳ್ಳೆಯ ಹೊತ್ತು. ಹಾಗಿದ್ದರೂ ಮನುಷ್ಯನಲ್ಲಿ 48 ವರ್ಣತಂತುಗಳಿವೆ ಎಂದೇ ಮೂವತ್ತಕ್ಕೂ ಹೆಚ್ಚು ವರ್ಷ ಪುಸ್ತಕಗಳು ಹೇಳುತ್ತಿದ್ದವು. ಸ್ವೀಡನ್ನಿನ ಲುಂಡ್‌ನಲ್ಲಿ ಚಿಯೊ ಮತ್ತು ಲೆವಾನ್ ಕೋಶಗಳನ್ನು ಕಾಲ್ಚಿಸಿನ್ ಎಂಬ ಸಸ್ಯಮೂಲದ ವಿಷದಿಂದ ಮೆಟಾಫೇಸ್‌ನಲ್ಲೇ ತಡೆದು, ತೆಳು ದ್ರಾವಣದಲ್ಲಿ ಉಬ್ಬಿಸಿ, ವರ್ಣತಂತುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ ಎಣಿಸಿದರು. 46 ಬಂತು. ಅದು ಪ್ರಕಟವಾಗಿದ್ದು 1956ರಲ್ಲಿ. ಡಿಎನ್‌ಎಯ ರಚನೆ ಗೊತ್ತಾಗಿ ಆಗಲೇ ಮೂರು ವರ್ಷವಾಗಿತ್ತು!

ಪಠ್ಯಗಳಲ್ಲಿ ಕಾಣುವ ಎಕ್ಸ್ ಆಕಾರದ ವರ್ಣತಂತು ಕೂಡ ಈ ಹೊತ್ತಿನದ್ದೇ. ತೋಳುಗಳ ಉದ್ದಕ್ಕೂ ಇದ್ದ ಕೊಹೆಸಿನ್ ಉಂಗುರಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಕಳಚಿಕೊಂಡಿರುತ್ತವೆ, ಸೊಂಟದ ಹತ್ತಿರದವು ಮಾತ್ರ ಉಳಿದಿರುತ್ತವೆ. ತೋಳು ಬಿಟ್ಟು ಸೊಂಟ ಕೂಡಿದರೆ ಎಕ್ಸ್ ಆಗುತ್ತದೆ, ಅಲ್ವಾ? ಕೋಶದ ಬದುಕಿನ ಬಹುಪಾಲು ಹೊತ್ತು ವರ್ಣತಂತುಗಳು ಹಾಗಿರುವುದೇ ಇಲ್ಲ.

ಒಂದು ಕತ್ತರಿ, ಎರಡು ಪರಿಣಾಮ

ಕೊನೆಯ ಹಿಡಿಕೆಗೂ ಎಳೆ ಸಿಕ್ಕಿತು. 'ಬೇಡ' ಎನ್ನುವ ಸಂದೇಶ ನಿಂತಿತು. ಅದುವರೆಗೆ ತಡೆದಿಟ್ಟಿದ್ದ ಎಪಿಸಿ ಎಂಬ ಪ್ರೋಟೀನುಗಳ ಕೂಟ ಎಚ್ಚರಗೊಳ್ಳುತ್ತದೆ. ಅದು ಎರಡು ಪ್ರೋಟೀನುಗಳಿಗೆ 'ಇದನ್ನು ನಾಶಮಾಡಿ' ಎಂಬ ಗುರುತು ಅಂಟಿಸುತ್ತದೆ.

ಮೊದಲನೆಯದು ಸೆಕ್ಯೂರಿನ್. ಹೆಸರೇ ಹೇಳುವಂತೆ ಅದು ಒಂದು ಬೀಗ. ಸೆಪರೇಸ್ ಎಂಬ ಕತ್ತರಿಯನ್ನು ಅದು ಅಲ್ಲಿಯವರೆಗೆ ಕಟ್ಟಿಹಾಕಿತ್ತು. ಬೀಗ ಹೋದೊಡನೆ ಕತ್ತರಿ ಬಿಡುಗಡೆಯಾಗಿ ಸೊಂಟದಲ್ಲಿ ಉಳಿದಿದ್ದ ಕೊಹೆಸಿನ್ ಉಂಗುರಗಳನ್ನು ಕತ್ತರಿಸುತ್ತದೆ. ಎರಡೂ ಕಡೆಯಿಂದ ಆಗಲೇ ಎಳೆತ ಇದೆ. ಗಂಟು ಬಿಚ್ಚಿದರೆ ಸಾಕು, ಎಲ್ಲ ಅವಳಿಗಳೂ ಹೆಚ್ಚುಕಡಿಮೆ ಒಂದೇ ಸಲಕ್ಕೆ ಬೇರೆಯಾಗುತ್ತವೆ. ಇದು ಅನಾಫೇಸ್. ಸ್ಲೈಡಿನಲ್ಲಿ ನನಗೆ ಸಿಗದೇ ಹೋದ ಆ ಕೆಲವು ನಿಮಿಷ.

ಬೇರೆಯಾದ ಎಳೆಗಳು ನಿಮಿಷಕ್ಕೆ ಸುಮಾರು ಒಂದು ಮೈಕ್ರೋಮೀಟರ್ ವೇಗದಲ್ಲಿ ತಮ್ಮ ತಮ್ಮ ಧ್ರುವದ ಕಡೆ ಸಾಗುತ್ತವೆ. ಸೊಂಟ ಮುಂದೆ, ತೋಳುಗಳು ಹಿಂದೆ. ಹಾಗಾಗಿಯೇ ಚಿತ್ರಗಳಲ್ಲಿ ಅವು ಬಾಗಿದಂತೆ ಕಾಣುವುದು. ಎಳೆಯುವ ಸೂಕ್ಷ್ಮನಾಳ ರಬ್ಬರಿನ ಹಾಗೆ ಕುಗ್ಗುವುದಿಲ್ಲ. ಅದರ ತುದಿ ಕಣ ಕಣವಾಗಿ ಉದುರುತ್ತಾ ಗಿಡ್ಡವಾಗುತ್ತದೆ. ಉದುರುತ್ತಿರುವ ತುದಿಯನ್ನೇ ಹಿಡಿಕೆ ಬಿಡದೆ ಹಿಡಿದುಕೊಂಡು ಅದರ ಜೊತೆ ಸರಿಯುತ್ತದೆ. ಇದರ ಜೊತೆಗೆ ಎರಡು ಧ್ರುವಗಳೂ ಒಂದರಿಂದ ಒಂದು ದೂರ ತಳ್ಳಿಕೊಳ್ಳುತ್ತವೆ.

ಎಪಿಸಿ ಗುರುತು ಹಾಕುವ ಎರಡನೆಯ ಪ್ರೋಟೀನು ಸೈಕ್ಲಿನ್. 1982ರಲ್ಲಿ ಟಿಮ್ ಹಂಟ್ ಸಮುದ್ರ ಜೀವಿಯಾದ ಸೀ ಅರ್ಚಿನ್‌ನ ಮೊಟ್ಟೆಗಳಲ್ಲಿ, ಪ್ರತಿ ಸಲ ಕೋಶ ಒಡೆಯುವಾಗ ಒಂದು ಪ್ರೋಟೀನು ಇದ್ದಕ್ಕಿದ್ದಂತೆ ಮಾಯವಾಗಿ, ಆಮೇಲೆ ಮತ್ತೆ ಕೂಡಿಕೊಳ್ಳುವುದನ್ನು ಗಮನಿಸಿದರು. ಅದೇ ಇದು. ಹಾರ್ಟ್‌ವೆಲ್ ಮತ್ತು ನರ್ಸ್ ಅವರ ಜೊತೆ ಅವರಿಗೆ 2001ರ ನೊಬೆಲ್ ಸಿಕ್ಕಿತು. ಎಳೆಗಳು ಸುತ್ತಿಕೊಂಡದ್ದು, ಪೊರೆ ಒಡೆದದ್ದು, ಕದಿರು ಕಟ್ಟಿದ್ದು ಎಲ್ಲವೂ ಸೈಕ್ಲಿನ್ ಜೊತೆಗೂಡಿದ ಒಂದು ಕಿಣ್ವದ ಆಜ್ಞೆಯಿಂದ. ಸೈಕ್ಲಿನ್ ಇಲ್ಲವಾದರೆ ಆ ಆಜ್ಞೆಯೂ ಇಲ್ಲ.

ಹಾಗಾದರೆ ಟೆಲೊಫೇಸ್ ಬಗ್ಗೆ ಹೆಚ್ಚು ಹೇಳಬೇಕಾಗಿಯೇ ಇಲ್ಲ. ಆಜ್ಞೆ ಹೋಯಿತು, ಮಾಡಿದ್ದೆಲ್ಲ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಎಳೆಗಳು ಸಡಿಲವಾಗುತ್ತವೆ, ಎರಡು ಗುಂಪಿನ ಸುತ್ತಲೂ ಪೊರೆ ಕಟ್ಟಿಕೊಳ್ಳುತ್ತದೆ, ಕದಿರು ಕರಗುತ್ತದೆ. ಪ್ರೊಫೇಸನ್ನು ಹಿಂದುಮುಂದಾಗಿ ನೋಡಿದ ಹಾಗೆ.

ಉಳಿದದ್ದು ಕೋಶದ ಮೈಯನ್ನು ಎರಡು ಮಾಡುವುದು. ಪ್ರಾಣಿಗಳ ಕೋಶದಲ್ಲಿ ನಡುವಿನ ಸುತ್ತ ಆಕ್ಟಿನ್ ಮತ್ತು ಮಯೋಸಿನ್‌ಗಳ ಒಂದು ಉಂಗುರ ಮೂಡುತ್ತದೆ. ನಮ್ಮ ಸ್ನಾಯುಗಳನ್ನು ಬಿಗಿಯುವ ಪ್ರೋಟೀನುಗಳೂ ಇದೇ ಕುಟುಂಬದವು. ಚೀಲದ ಬಾಯಿಗೆ ಹಾಕಿದ ದಾರ ಬಿಗಿದಂತೆ ಉಂಗುರ ಬಿಗಿಯುತ್ತಾ ಕೋಶ ಎರಡಾಗುತ್ತದೆ. ಗಿಡಗಳ ಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ಹೀಗೆ ಹೊರಗಿನಿಂದ ಹಿಂಡಲು ಆಗುವುದಿಲ್ಲ. ಅಲ್ಲಿ ನಡುವಿನಿಂದಲೇ ಹೊಸ ಗೋಡೆ ಶುರುವಾಗಿ ಹೊರಕ್ಕೆ ಬೆಳೆದು ಹಳೆಯ ಗೋಡೆಗೆ ಸೇರುತ್ತದೆ. ಈರುಳ್ಳಿ ಸ್ಲೈಡಿನಲ್ಲಿ ಕೆಲವು ಕೋಶಗಳ ನಡುವೆ ತೆಳ್ಳಗಿನ ಗೆರೆಯೊಂದು ಕಂಡರೆ ಅದು ಹುಟ್ಟುತ್ತಿರುವ ಗೋಡೆ.

ಕೋಶ ಕಾಯುತ್ತದೆ ಎಂಬ ಅದೇ ಗುಣವನ್ನು ಕ್ಯಾನ್ಸರ್ ಚಿಕಿತ್ಸೆಯೂ ಬಳಸಿಕೊಂಡಿದೆ. ಸದಾಪುಷ್ಪ ಗಿಡದಿಂದ ಸಿಗುವ ವಿನ್‌ಕ್ರಿಸ್ಟಿನ್ ಸೂಕ್ಷ್ಮನಾಳಗಳನ್ನು ಕಟ್ಟಲು ಬಿಡುವುದಿಲ್ಲ. ಯೂ ಮರದ ತೊಗಟೆಯಲ್ಲಿ ಮೊದಲು ಸಿಕ್ಕ ಪ್ಯಾಕ್ಲಿಟ್ಯಾಕ್ಸೆಲ್ ಇದಕ್ಕೆ ವಿರುದ್ಧ, ಅದು ಕಟ್ಟಿದ ನಾಳಗಳನ್ನು ಬಿಚ್ಚಲು ಬಿಡುವುದಿಲ್ಲ. ಎರಡರಿಂದಲೂ ಕದಿರು ಕೆಡುತ್ತದೆ. ಹಿಡಿಕೆಗಳಿಗೆ ಸರಿಯಾದ ಎಳೆತ ಸಿಗದೆ ಪದೇ ಪದೇ ಒಡೆಯುವ ಕೋಶ ಅಲ್ಲೇ ಸಿಕ್ಕಿಬೀಳುತ್ತದೆ, ಎಷ್ಟೋ ಸಲ ಸಾಯುತ್ತದೆ. ಕೂದಲಿನ ಬುಡದ ಕೋಶಗಳೂ ಬೇಗ ಬೇಗ ಒಡೆಯುವುದರಿಂದ ಇಂಥ ಔಷಧಗಳಿಂದ ಕೂದಲು ಉದುರುವುದುಂಟು. ವಿನ್‌ಕ್ರಿಸ್ಟಿನ್ ತೆಗೆದುಕೊಂಡವರಲ್ಲಿ ಹಲವರಿಗೆ ಕೈಕಾಲಿನ ಬೆರಳು ಜೋಮು ಹಿಡಿಯುತ್ತದೆ. ಬೆಳೆದ ನರಕೋಶಗಳು ಒಡೆಯುವುದೇ ಇಲ್ಲವಲ್ಲ, ಅವಕ್ಕೆ ಏಕೆ ತೊಂದರೆ? ಬೆನ್ನುಹುರಿಯ ಬಳಿಯಿಂದ ಬೆರಳ ತುದಿಯವರೆಗೆ ಚಾಚಿದ ಆ ಕೋಶದೊಳಗೆ ಸಾಮಾನು ಸಾಗಿಸುವ ಹಳಿಗಳು ಕೂಡ ಇದೇ ಸೂಕ್ಷ್ಮನಾಳಗಳು.